ಸೀಟಿಯ ಮೇಲಿನ ಹಲ್ಲಿನ ಗುರುತು

ಹಳೆಯ ಸೀಟಿಗಳನ್ನು ಕೂಡಿಡುವವರು ಅವನ್ನು ಒಬ್ಬರಿಗೊಬ್ಬರು ಮಾರುವಾಗ ಬರೆಯುವ ವಿವರಣೆಗಳನ್ನು ನಾನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಕೊಳ್ಳುವ ಶಕ್ತಿಯಿಲ್ಲದವನಿಗೆ ಓದುವುದೇ ಒಂದು ಸಂಗ್ರಹ. ಈ ಬರವಣಿಗೆಗೆ ಅದರದೇ ಆದ ಕ್ರಮವಿದೆ. ಮೊದಲು ತಯಾರಕನ ಹೆಸರು, ಆಮೇಲೆ ಬೀದಿಯ ವಿಳಾಸ, ಇಸವಿ, ಕೊನೆಗೆ ಸ್ಥಿತಿ. ಸ್ಥಿತಿಯನ್ನು ಹೇಳುವಾಗ ಹೆಮ್ಮೆಯಿಂದ ಸೇರಿಸುವ ಒಂದು ಮಾತಿದೆ: ಹಲ್ಲಿನ ಗುರುತಿಲ್ಲ. ಅಂದರೆ ಯಾರೂ ಕಚ್ಚಿಕೊಂಡು ಊದಿದ್ದಲ್ಲ. ಈ ಮಾತಿನ ಬಗ್ಗೆ ನನಗೆ ತಕರಾರಿದೆ.

ತಕರಾರಿಗೆ ಕಾರಣ ನನ್ನ ಸೋದರಮಾವ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಅವರ ಸೀಟಿ ಈಗ ನನ್ನ ಮೇಜಿನ ಮೇಲಿದೆ. ಸರಕಾರಿ ಸಾಮಾನು ಮನೆಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ, ತಾನು ದುಡ್ಡು ಕೊಟ್ಟು ಕೊಂಡದ್ದು ಎನ್ನುತ್ತಿದ್ದರು. ನಾವು ಮುಂದೆ ಕೇಳುತ್ತಿರಲಿಲ್ಲ. ಜಾತ್ರೆಯ ಬಂದೋಬಸ್ತಿನಲ್ಲಿ ಅವರನ್ನು ನೋಡಿದ್ದು ನೆನಪಿದೆ. ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ತೇರಿನ ಚಕ್ರದ ಹತ್ತಿರ ನುಗ್ಗುವ ಯಾವನೋ ಹುಡುಗನ ರಟ್ಟೆ. ಸೀಟಿಗೆ ಉಳಿದದ್ದು ಹಲ್ಲು ಮಾತ್ರ. ಅದರ ಬಾಯಿಯ ಎಡಭಾಗದಲ್ಲಿ ಎರಡು ಗುಳಿ ಬಿದ್ದಿವೆ. ಈ ಹವ್ಯಾಸವುಳ್ಳ ಪರಿಚಿತರೊಬ್ಬರು ಮನೆಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹಲ್ಲು ಬಿದ್ದಿದೆಯಲ್ಲ ಸಾರ್, ಅರ್ಧ ಬೆಲೆಯೂ ಬರಲಿಕ್ಕಿಲ್ಲ" ಎಂದರು. ಮಾವನಿಗೂ ಕೊನೆಗಾಲದಲ್ಲಿ ಹಲ್ಲು ಬಿದ್ದಿದ್ದವು. ಅದನ್ನು ಅವರಿಗೆ ಹೇಳಲಿಲ್ಲ.

ಸಂಗ್ರಾಹಕರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಅವರು ಮಾಡಿರುವ ಕೆಲಸ ದೊಡ್ಡದು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸು ಪಡೆ ಹುಟ್ಟಿದ್ದು 1829ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದರ ಪೇದೆಗಳು ಸಹಾಯಕ್ಕೆ ಕೂಗಲು ಕಟಕಟನೆ ತಿರುಗಿಸುವ ಮರದ ಗಿಲಕಿಯನ್ನು ಇಟ್ಟುಕೊಳ್ಳುತ್ತಿದ್ದರು. 1883ರ ಸುಮಾರಿಗೆ ಅದಕ್ಕೆ ಬದಲಿ ಹುಡುಕಿದಾಗ ಗೆದ್ದದ್ದು ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಹಡ್ಸನ್ ಮಾಡಿದ ಸೀಟಿ. ಅದೊಂದು ಹಿತ್ತಾಳೆಯ ಕೊಳವೆ, ಮೇಲೆ ನಿಕ್ಕಲ್ ಲೇಪ. ನಡುವೆ ಒಂದು ತಡೆ ಹಾಕಿ ಒಳಗನ್ನು ಎರಡು ಕೋಣೆಯಾಗಿ ಸೀಳಿದ್ದಾರೆ. ಎರಡರ ಉದ್ದ ತುಸು ಬೇರೆ. ಊದಿದರೆ ಒಂದಕ್ಕೊಂದು ಹತ್ತಿರವಿದ್ದೂ ಹೊಂದದ ಎರಡು ಸ್ವರಗಳು ಒಟ್ಟಿಗೇ ಹೊರಟು ಗುದ್ದಾಡುತ್ತವೆ. ಒಂದು ಮೈಲಿಗೂ ಆಚೆ ಕೇಳಿಸಿತು ಎನ್ನುವ ಆ ಕರ್ಕಶ ಹುಟ್ಟುವುದು ಈ ಜಗಳದಿಂದ. ಒಳಗೆ ಅಲ್ಲಾಡುವ ಭಾಗ ಒಂದೂ ಇಲ್ಲ. ಬೆಂಡಿನ ಸಣ್ಣ ಗುಂಡನ್ನು ಒಳಗಿಟ್ಟು ಸದ್ದನ್ನು ನಡುಗಿಸುವ ಇನ್ನೊಂದು ಜಾತಿ, 'ಆಕ್ಮೆ ಥಂಡರರ್', 1884ರದು. ಅದು ಆಟದ ಮೈದಾನಗಳಲ್ಲಿ ಹೆಸರು ಮಾಡಿತು.

ಇಂಥ ಸಾವಿರಾರು ಸೀಟಿಗಳಲ್ಲಿ ಯಾವುದು ಯಾವ ಕಾಲದ್ದೆಂದು ಹೇಳಲು ಸಂಗ್ರಾಹಕರು ಕಂಡುಕೊಂಡ ಉಪಾಯ ವಿಳಾಸ. ಹಡ್ಸನ್ ಕಾರ್ಖಾನೆ ಜಾಗ ಬದಲಿಸಿದಂತೆ ಕೊಳವೆಯ ಮೇಲಿನ ಅಚ್ಚೂ ಬದಲಾಯಿತು. 131, ಬಾರ್ ಸ್ಟ್ರೀಟ್ ಎಂದಿದ್ದರೆ ಮೊದಲಿನದು. 13, ಬಾರ್ ಸ್ಟ್ರೀಟ್ ಎಂದಿದ್ದರೆ ಅನಂತರದ್ದು. ಬೀದಿ ಅದೇ, ಕೊನೆಯ ಒಂದು ಅಂಕಿ ಮಾತ್ರ ಹೋಯಿತು. ತಿಕ್ಕಿ ತಿಕ್ಕಿ ಆ ಅಂಕಿ ಸವೆದರೆ ಹಳೆಯ ಸೀಟಿ ಒಂದೇ ಗಳಿಗೆಯಲ್ಲಿ ಕಿರಿಯದಾಗಿಬಿಡುತ್ತದೆ. ಹೀಗೆ ಬೀದಿಯ ವಿಳಾಸದಿಂದ ಕಾಲವನ್ನು ಓದುವುದು ನಮ್ಮ ಶಾಸನತಜ್ಞರು ಲಿಪಿಯ ತಿರುವು ನೋಡಿ ಶತಮಾನ ಹೇಳುವಂಥದೇ ವಿದ್ಯೆ. ಅದಕ್ಕೆ ನನ್ನ ನಮಸ್ಕಾರ.

ಆದರೆ ಅಚ್ಚು ಹೇಳದಿದ್ದನ್ನೂ ಅದರಿಂದ ಹೇಳಿಸುವ ಚಾಳಿಯಿದೆಯಲ್ಲ, ತೊಂದರೆ ಅಲ್ಲಿ. 'ದಿ ಮೆಟ್ರೊಪಾಲಿಟನ್' ಎಂಬ ಅಕ್ಷರ ಕಂಡ ಕೂಡಲೇ ಲಂಡನ್ನಿನ ಮಂಜು, ಗ್ಯಾಸ್ ದೀಪ, ಓಡುವ ಪೇದೆ ಎಲ್ಲವೂ ವಿವರಣೆಯೊಳಗೆ ಬರುತ್ತವೆ. ಅದು ಆ ಮಾದರಿಗೆ ತಯಾರಕರು ಇಟ್ಟ ಹೆಸರು, ಕೊಂಡವರಿಗೆಲ್ಲ ಮಾರಿದ್ದಾರೆ. ಆ ಪಡೆಯ ಸೀಟಿಯೇ ಆಗಿದ್ದರೆ 'ಮೆಟ್ರೊಪಾಲಿಟನ್ ಪೊಲೀಸ್' ಎಂದು ಇರಬೇಕು, ಸಾಮಾನ್ಯವಾಗಿ ಜೊತೆಗೊಂದು ಸಂಖ್ಯೆಯೂ ಇರುತ್ತದೆ. ಇನ್ನು ಪಿಟೀಲಿನ ಕಥೆ. ಹಡ್ಸನ್ನರ ಕೈಯಿಂದ ಪಿಟೀಲು ಬಿದ್ದು ತಂತಿ ಕಿತ್ತು ಹೊರಟ ಅಪಸ್ವರವೇ ಸೀಟಿಗೆ ಸ್ಫೂರ್ತಿಯಾಯಿತು ಎನ್ನುವುದನ್ನು ಬರೆಯದ ಸಂಗ್ರಾಹಕನೇ ಇಲ್ಲ. ಕಥೆ ಸೊಗಸಾಗಿದೆ, ನಡೆದಿರಲೂಬಹುದು. ಆದರೆ ಅದು ಬಂದಿರುವುದು ಸೀಟಿ ಮಾರುವವರ ಮನೆಯಿಂದ. ತಯಾರಕನ ವಿಳಾಸದಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಸುಮ್ಮನಿರದವರು ಈ ಕಥೆಯನ್ನು ಮಾತ್ರ ಕಣ್ಣುಮುಚ್ಚಿ ಒಪ್ಪುತ್ತಾರೆ.

ಮೊದಲ ಮಹಾಯುದ್ಧದ ಸೀಟಿಗಳಿಗೆ ಬಂದಾಗ ಈ ಚಾಳಿ ನನಗೆ ನಗು ತರಿಸುವುದಿಲ್ಲ. ಹಡ್ಸನ್, ಡಿ ಕೋರ್ಸಿ ಮೊದಲಾದ ಬರ್ಮಿಂಗ್‌ಹ್ಯಾಮ್ ತಯಾರಕರ ಹೆಸರು, ಇಸವಿ, ಕೆಲವದರ ಮೇಲೆ ಸೈನ್ಯದ ಸ್ವತ್ತೆಂದು ಸೂಚಿಸುವ ಬಾಣದ ಮೊನೆಯ ಗುರುತು. ಬಾಣವಿಲ್ಲದ್ದು ಖೋಟಾ ಎನ್ನುವವರಿದ್ದಾರೆ, ಅದೂ ಸರಿಯಲ್ಲ. ಬ್ರಿಟಿಷ್ ಅಧಿಕಾರಿಗಳು ತಮ್ಮ ಸಾಮಗ್ರಿಯನ್ನು ಬಹುಪಾಲು ಸ್ವಂತ ದುಡ್ಡಿನಿಂದ ಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕೊಂಡ ಸೀಟಿಗೆ ಸರಕಾರದ ಬಾಣ ಎಲ್ಲಿಂದ ಬರಬೇಕು? ಇರಲಿ. ಇಸವಿ 1915 ಅಥವಾ 1916 ಎಂದಿದ್ದರೆ ಸಾಕು, ವಿವರಣೆಯೊಳಗೆ ಸೊಮ್ ಕದನ ಕಾಲಿಡುತ್ತದೆ. 1916ರ ಜುಲೈ 1ರ ಬೆಳಿಗ್ಗೆ ಏಳೂವರೆಗೆ ಅಧಿಕಾರಿಗಳು ಸೀಟಿ ಊದಿದರು, ಸೈನಿಕರು ಕಂದಕದಿಂದ ಮೇಲೆ ಹತ್ತಿದರು. ಆ ಒಂದೇ ದಿನ ಬ್ರಿಟಿಷ್ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470 ಮಂದಿ. ಅವರಲ್ಲಿ ಸತ್ತವರು 19,240. ಊದಿದವನಿಗೂ ಮುಂದೆ ಏನಿದೆಯೆಂದು ಗೊತ್ತಿತ್ತು, ಊದಿ ಅವನೂ ಹತ್ತಬೇಕಾಗಿತ್ತು. ಈ ಸಾವನ್ನು ಒಂದು ಇಸವಿಯ ಅಚ್ಚಿಗೆ ಅಂಟಿಸಿ ಬೆಲೆ ಏರಿಸುತ್ತಾರೆ. ಅದೇ ಇಸವಿಯ ಎಷ್ಟೋ ಸೀಟಿಗಳು ಇಂಗ್ಲೆಂಡಿನ ತರಬೇತಿ ಮೈದಾನದ ಆಚೆ ಹೋಗಿರಲಿಕ್ಕಿಲ್ಲ. ತಮಾಷೆಯೆಂದರೆ, ಸೊಮ್ ಎಂದು ಬರೆದ ಮುಂದಿನ ಸಾಲಿನಲ್ಲೇ ಹಲ್ಲಿನ ಗುರುತಿಲ್ಲ ಎಂದೂ ಬರೆಯುತ್ತಾರೆ. ಏಳು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಅದನ್ನು ಬಾಯಲ್ಲಿಟ್ಟುಕೊಂಡು ನಿಂತವನು ಹಲ್ಲು ಊರದೆ ನಿಂತಿದ್ದನೆ?

ಎರಡನೆಯ ಯುದ್ಧದ, ಎ.ಆರ್.ಪಿ. ಎಂದು ಅಚ್ಚಿರುವ ವಾಯುದಾಳಿ ಕಾವಲಿನವರ ಸೀಟಿಗಳು ಬೇಕಾದಷ್ಟು ಸಿಗುತ್ತವೆ. ಅದಕ್ಕೇ ಅವುಗಳ ಸುತ್ತ ಕಥೆ ಕಡಿಮೆ. ನನಗೆ ಅವೇ ಪ್ರಾಮಾಣಿಕವೆನ್ನಿಸುತ್ತವೆ.

ಕಥೆಗೆ ಇಷ್ಟು ಬೆಲೆ ಬಂದ ಮೇಲೆ ಕಥೆಗೆ ತಕ್ಕ ಸೀಟಿ ಮಾಡುವವರೂ ಬರುತ್ತಾರೆ. ಹಳೆಯದರಂತೆ ಕಾಣುವ ಹಿತ್ತಾಳೆಯ ಹೊಸ ಸೀಟಿಗಳು ನಮ್ಮ ದೇಶದಲ್ಲೇ ತಯಾರಾಗಿ ಹೊರಗೆ ಹೋಗುತ್ತವೆ. ನಾನೂ ಒಮ್ಮೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ 1915ರ ಸೀಟಿಯೊಂದಕ್ಕೆ ಮರುಳಾಗಿ ತಿಂಗಳ ಪುಸ್ತಕದ ದುಡ್ಡು ಸುರಿದೆ. ಅಕ್ಷರಗಳು ಆಳವಾಗಿ, ಸ್ಪಷ್ಟವಾಗಿ ಇದ್ದವು. ಅವು ಅಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಕಾರಣವೆಂದು ಆಗ ತಿಳಿಯಲಿಲ್ಲ. ಮನೆಗೆ ತಂದು ಊದಿದರೆ ಒಂದೇ ಸ್ವರ, ಅದೂ ಗೊರಗೊರ. ಜಗಳವಾಡಲು ಒಳಗೆ ಇನ್ನೊಂದು ಸ್ವರವೇ ಇರಲಿಲ್ಲ. ಅಚ್ಚನ್ನು ನಕಲು ಮಾಡಿದವನು ಒಳಗಿನ ಎರಡು ಕೋಣೆಗಳ ಗೊಡವೆಗೆ ಹೋಗಿರಲಿಲ್ಲ. ಕೊಳ್ಳುವವರು ಅಚ್ಚನ್ನು ಓದುತ್ತಾರೆ, ಊದಿ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮಾವನ ಸೀಟಿಯದು ತದ್ವಿರುದ್ಧ ಕಥೆ. ಊದಿದರೆ ಎರಡು ಸ್ವರ, ಇವತ್ತಿಗೂ ಬೀದಿಯ ನಾಯಿ ಎದ್ದು ನಿಲ್ಲುತ್ತದೆ. ಆದರೆ ಓದಲು ಏನೂ ಉಳಿದಿಲ್ಲ. ವರ್ಷಾ ವರ್ಷ ಆಯುಧಪೂಜೆಯ ಹಿಂದಿನ ದಿನ ಅತ್ತೆ ಅದನ್ನು ದೀಪದ ಕಂಬಗಳ ಜೊತೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾರೆ. ನಿಕ್ಕಲ್ ಹೋಗಿ ಹಿತ್ತಾಳೆ ಬಂಗಾರದಂತೆ ಹೊಳೆಯುತ್ತದೆ. ಭೂತಗನ್ನಡಿ ಹಿಡಿದರೆ ಕೊನೆಯಲ್ಲಿ 'ಹ್ಯಾಮ್' ಎಂಬುದಕ್ಕೆ ಸೇರಿದ ಮೂರು ಇಂಗ್ಲಿಷ್ ಅಕ್ಷರ ಕಾಣುತ್ತವೆ. ಬರ್ಮಿಂಗ್‌ಹ್ಯಾಮ್‌ನ ಬಾಲವಿರಬೇಕು. ಆ ಊರಿನಲ್ಲಿ ಸೀಟಿ ಮಾಡಿದವರು ಹಲವರಿದ್ದರು. ಹಡ್ಸನ್ ಇರಬಹುದು, ಬೇರೆಯವರಿರಬಹುದು. ಪಟ್ಟಿಗೆ ಸೇರಿಸುವವರ ಲೆಕ್ಕದಲ್ಲಿ ಇದು ಗುರುತು ಸಿಗದ ಸೀಟಿ. ಯಾರು ಊದಿದ್ದೆಂದು ಖಚಿತವಾಗಿ ಹೇಳಬಹುದಾದ ಒಂದೇ ಸೀಟಿ ನಾನು ಕಂಡದ್ದು ಇದು. ಆ ಸಾಕ್ಷಿಗೇ ನಮ್ಮ ಪರಿಚಿತರು ಅರ್ಧ ಬೆಲೆ ಕಳೆದದ್ದು.

ಹೋದ ಆಯುಧಪೂಜೆಯ ಮುನ್ನಾದಿನ ನಮ್ಮ ಮನೆಯಲ್ಲೂ ಹುಣಸೆಹಣ್ಣು ನೆನೆಹಾಕಿದ್ದರು. ಸೀಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಮರುದಿನ ಪೂಜೆಗೆ ಇಡದೆ ಬಿಡುವಂತಿರಲಿಲ್ಲ, ತಿಕ್ಕದೆ ಇಟ್ಟೆ. ನನ್ನ ಹೆಂಡತಿ ಒಂದು ಮಾತೂ ಆಡದೆ ಅದಕ್ಕೂ ಕುಂಕುಮ ಹಚ್ಚಿದಳು. ಆ ಎರಡು ಗುಳಿಗಳಲ್ಲಿ ಕುಂಕುಮ ಹಾಗೆಯೇ ನಿಂತಿದೆ.