ಮ್ಯಾಪಲ್ಲಿಲ್ಲದ ಕಾಲೊನಿ

'ದಿ ರೆವಲ್ಯೂಷನರಿ ಆಪ್ಟಿಮಿಸ್ಟ್ಸ್' ಅನ್ನೋ ಹೆಸರು ನೋಡಿ ಇದೂ ಇನ್ನೊಂದು ಎನ್‌ಜಿಒ ಜಾಹೀರಾತೇ ಇರಬೇಕು ಅಂದುಕೊಂಡು ಕೂತಿದ್ದೆ. ನಿಕೋಲ್ ನ್ಯೂನ್ಹ್ಯಾಮ್ ಮತ್ತು ಮಾರೆನ್ ಗ್ರೇಂಜರ್-ಮಾನ್ಸನ್ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರ 2013ರಲ್ಲಿ ಅಮೆರಿಕದ ಪಿಬಿಎಸ್‌ನಲ್ಲಿ ಬಂತು. ವಕೀಲಿಕೆ ಬಿಟ್ಟು 'ಪ್ರಯಾಸಂ' ಸಂಸ್ಥೆ ಕಟ್ಟಿದ ಅಮ್ಲಾನ್ ಗಂಗೂಲಿ, ಅವರ ಜೊತೆಗಿರೋ ಕೋಲ್ಕತ್ತದ ಕೊಳೆಗೇರಿ ಮಕ್ಕಳು. ಕತೆ ಅವರದು.

ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ತಮ್ಮ ಕಾಲೊನಿಯ ನಕ್ಷೆ ತಾವೇ ಬರೀತಾರೆ, ಯಾಕಂದ್ರೆ ಮ್ಯಾಪಿನಲ್ಲಿ ಆ ಗಲ್ಲಿಗಳೇ ಇಲ್ಲ. ಮನೆಮನೆಗೆ ಹೋಗಿ ಯಾವ ಮಗುವಿಗೆ ಪೋಲಿಯೊ ಹನಿ ಬಿದ್ದಿಲ್ಲ ಅಂತ ವಿಚಾರಿಸ್ತಾರೆ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಸಿಕ್ಕಿದ್ದು ಪಕ್ಕದ ಹೌರಾ ಜಿಲ್ಲೆಯಲ್ಲಿ. ಅದು ನೆನಪಿದ್ರೆ ಈ ಕೆಲಸ ಸ್ಕೂಲ್ ಪ್ರಾಜೆಕ್ಟ್ ಥರ ಕಾಣಲ್ಲ. ಆಫೀಸಲ್ಲಿ ನಾವು ಡೇಟಾ ಸಿಗದಿದ್ರೆ 'ನಲ್' ಅಂತ ತುಂಬಿ ಮುಂದೆ ಹೋಗ್ತೀವಿ. ಇಲ್ಲಿ ಖಾಲಿ ಬಿಟ್ಟ ಮನೆ ಅಂದ್ರೆ ಹನಿ ಸಿಗದ ಕೂಸು. ಮಕ್ಕಳು ನಾಳೆ ಮತ್ತೆ ಹೋಗಿ ಬಾಗಿಲು ತಟ್ಟಬಹುದು, ಅದು ಅವರದೇ ಗಲ್ಲಿ. ಹೊರಗಿನವರು ಪೆನ್ನು ಹಿಡಿದು ಬಂದ್ರೆ ಬಾಯಿಬಿಡದ ತಾಯಂದಿರು ಪಕ್ಕದ್ಮನೆ ಹುಡುಗಿ ಹತ್ರ ಮಾತಾಡ್ತಾರೆ.

ನನ್ನ ತಕರಾರು ಇರೋದು ನೀರಿನ ವಿಷಯದಲ್ಲಿ. ಕಾಲೊನಿಗೆ ಕುಡಿಯೋ ನೀರಿನ ನಲ್ಲಿ ಇಲ್ಲ, ಮಕ್ಕಳು ದೂರದಿಂದ ಹೊತ್ತು ತರಬೇಕು. (ಬೋರ್‌ವೆಲ್ ಮುಂದೆ ಬಿಂದಿಗೆ ಸಾಲಿಗಿಟ್ಟು, ಕರೆಂಟ್ ಬರೋದನ್ನೇ ಕಾದು ಶಾಲೆಗೆ ಲೇಟಾಗಿ ಹೋದವನು ನಾನು, ಆ ದೃಶ್ಯಗಳನ್ನ ಆರಾಮಾಗಿ ನೋಡೋಕಾಗಲಿಲ್ಲ.) ನಕ್ಷೆಯಿಂದ ಪೋಲಿಯೊ ಕೆಲಸ ಆಯ್ತು, ಹಾಗೇ ನಲ್ಲಿನೂ ಬರುತ್ತೆ ಅನ್ನೋ ನಂಬಿಕೆಯ ಮೇಲೆ ಚಿತ್ರ ಸಾಗುತ್ತೆ. ಆದ್ರೆ ಎರಡೂ ಒಂದೇ ಅಲ್ಲ. ಹನಿ ಹಾಕೋಕೆ ಸರ್ಕಾರ ರೆಡಿ ಇತ್ತು, ಮನೆ ತೋರಿಸೋರು ಬೇಕಿತ್ತು ಅಷ್ಟೇ. ನಲ್ಲಿಗೆ ಪೈಪು ಬೇಕು, ದುಡ್ಡು ಬೇಕು, ಈ ಜನ ಇಲ್ಲೇ ಇರ್ತಾರೆ ಅಂತ ಒಪ್ಪಿಕೊಳ್ಳೋರು ಬೇಕು. ಅಲ್ಲಿ ನೀರಿಲ್ಲ ಅಂತ ಯಾರಿಗೂ ಗೊತ್ತಿಲ್ಲದೆ ಇದ್ದದ್ದಲ್ಲ. ಈ ವ್ಯತ್ಯಾಸವನ್ನ ನಿರ್ದೇಶಕರು ಬಿಡಿಸಿ ನೋಡಿದ್ದು ಕಮ್ಮಿ, ಹಿನ್ನೆಲೆ ಸಂಗೀತ ಹೆಚ್ಚು.

ಆದ್ರೂ ಚಿತ್ರ ಸುಳ್ಳು ಹೇಳಲ್ಲ. ಬೇರೆ ಮಕ್ಕಳಿಗೆ ಡಾನ್ಸ್ ಕಲಿಸ್ತಿದ್ದ ಹುಡುಗಿ ಎಳೇ ವಯಸ್ಸಿಗೇ ಮದುವೆಯಾಗ್ತಾಳೆ. ಇಟ್ಟಿಗೆ ಭಟ್ಟಿಯ ಹುಡುಗಿಗೆ ಓದಿಗಿಂತ ಕೂಲಿನೇ ಮೊದಲು. ಗಂಗೂಲಿ ಸೋತಿದ್ದನ್ನ ಕ್ಯಾಮೆರಾ ಮುಚ್ಚಿಡಲ್ಲ.

ಮುಂದಿನ ಸಿಎಸ್‌ಆರ್ ಶನಿವಾರ ಟೀಶರ್ಟ್ ಹಾಕ್ಕೊಂಡು ಸರ್ಕಾರಿ ಶಾಲೆಗೆ ಹೊರಡೋ ಮುಂಚೆ ನಮ್ಮ ಟೀಮಿಗೆ ಇದನ್ನ ತೋರಿಸೋಣ ಅಂತಿದ್ದೀನಿ.