ಕಣಬಂಧದ ಗಣಕ ಮಾದರಿ: ಪ್ರತ್ಯಕ್ಷವೋ, ಅನುಮಾನವೋ?

ಸುಣ್ಣ, ಸಿಲಿಕ, ಕಬ್ಬಿಣದ ಆಕ್ಸೈಡು ಮೊದಲಾದವು ಕಣಗಳ ನಡುವೆ ಗಾರೆಯಂತೆ ನಿಂತು ಬೆಸೆದ ಮಣ್ಣು, ಸಡಿಲ ಮಣ್ಣಿಗೂ ಗಟ್ಟಿ ಶಿಲೆಗೂ ನಡುವಣದು. ಅದು ಎಷ್ಟು ಭಾರವನ್ನು ಹೊರಬಲ್ಲುದೆಂಬುದು ಬಹುಮಟ್ಟಿಗೆ ಆ ಬೆಸುಗೆಗಳ ಬಲವನ್ನೇ ಅವಲಂಬಿಸಿದೆ. ಆದರೆ ಅತಿ ಸೂಕ್ಷ್ಮವಾದ ಬೆಸುಗೆಗಳನ್ನು ಒಂದೊಂದಾಗಿ ಬಿಡಿಸಿ ಅಳೆಯುವುದು ದುಸ್ಸಾಧ್ಯ. ಈ ಕೊರತೆಯನ್ನು ಗಣಕಯಂತ್ರದಿಂದ ನೀಗಬಹುದೆಂಬ ಭರವಸೆ ಎಷ್ಟರಮಟ್ಟಿಗೆ ಸಾಧುವೆಂಬುದೇ ಪ್ರಕೃತ ಲೇಖನದ ವಿಷಯ.

1979ರಲ್ಲಿ ಕಂಡಾಲ್ ಮತ್ತು ಸ್ಟ್ರ್ಯಾಕ್ ಎಂಬ ವಿದ್ವಾಂಸರು ಕಣಸಮೂಹವನ್ನು ದುಂಡುಬಿಲ್ಲೆಗಳ ಗುಂಪೆಂದು ಭಾವಿಸಿ, ಪ್ರತಿಯೊಂದು ಸ್ಪರ್ಶಸ್ಥಾನದ ಬಲವನ್ನೂ ಕ್ಷಣಕ್ಷಣಕ್ಕೆ ಗಣಿಸುವ ವಿಧಾನವೊಂದನ್ನು ಪ್ರಕಟಿಸಿದರು. 2004ರಲ್ಲಿ ಪೋತ್ಯಾಂಡಿ ಮತ್ತು ಕಂಡಾಲ್ ಬಂಧಯುಕ್ತ ಕಣಗಳ ಮಾದರಿಯನ್ನು ಶಿಲೆಗಾಗಿ ವಿಸ್ತಾರವಾಗಿ ನಿರೂಪಿಸಿದರು. ಬೆಸೆದ ಮಣ್ಣಿನ ಅಧ್ಯಯನಕ್ಕೂ ಇದೇ ಬಗೆಯ ಮಾದರಿಗಳು ಬಳಕೆಗೆ ಬಂದಿವೆ. ಬಿರುಕನ್ನು ಮೊದಲೇ ಕಲ್ಪಿಸದೆ, ಬಂಧಗಳು ಒಂದೊಂದಾಗಿ ಕಡಿದಂತೆ ಅದು ತಾನಾಗಿ ಮೂಡುವುದನ್ನು ತೋರಿಸಿದುದು ಈ ಪದ್ಧತಿಯ ನಿಜವಾದ ಹಿರಿಮೆ.

ಆದರೆ ಬಂಧಬಲದ ಬೆಲೆ ಎಲ್ಲಿಂದ ಬಂದಿತು? ಸಾಮಾನ್ಯವಾಗಿ ಅದು ಅಳೆದುದಲ್ಲ. ಪ್ರಯೋಗಶಾಲೆಯಲ್ಲಿ ಇಡಿಯ ಮಣ್ಣಿನ ತುಂಡನ್ನು ಒತ್ತಿದಾಗ ದೊರೆತ ಫಲಕ್ಕೆ ಗಣಕದ ಫಲ ಹೊಂದುವವರೆಗೆ ಬೆಲೆಗಳನ್ನು ತಿದ್ದುತ್ತಾರೆ. ಬಳಿಕ ಅದನ್ನೇ ಬಂಧದ ಬಲವೆಂದು ಹೇಳುವುದು, ತಾಮ್ರಶಾಸನವೊಂದರ ಕಾಲವನ್ನು ವಂಶಾವಳಿಯಿಂದ ಊಹಿಸಿ, ಆ ಶಾಸನದಿಂದಲೇ ವಂಶಾವಳಿಯನ್ನು ಸಮರ್ಥಿಸಿದಂತೆ. ಬಂಧಬಲ, ಘರ್ಷಣೆ, ಕಣಗಾತ್ರಗಳ ಬೇರೆ ಬೇರೆ ಜೋಡಣೆಗಳು ಒಂದೇ ಫಲವನ್ನು ಕೊಡಬಲ್ಲವಾದುದರಿಂದ ಹೊಂದಾಣಿಕೆಯೊಂದೇ ಸಾಕ್ಷ್ಯವಾಗಲಾರದು. 2004ರ ಲೇಖನದಲ್ಲಿಯೇ ಕೆನಡದ ಲಾಕ್ ಡು ಬೊನೆ ಗ್ರಾನೈಟಿನ ಒತ್ತುಬಲಕ್ಕೆ ಮಾದರಿಯನ್ನು ಹೊಂದಿಸಿದಾಗ, ಅದರ ಸೆಳೆತಬಲ ನಿಜಕ್ಕಿಂತ ಬಹಳ ಹೆಚ್ಚಾಗಿ ಬಂದಿತು. ಲೇಖಕರು ಇದನ್ನು ಮುಚ್ಚಿಡಲಿಲ್ಲ. ಮಾದರಿಯನ್ನು ಬಳಸುವವರೂ ಇದನ್ನು ಮರೆಯಲಾಗದು.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದುದು. ನಮ್ಮ ಕರಾವಳಿಯ ಮುರಕಲ್ಲು ಕಬ್ಬಿಣದ ಆಕ್ಸೈಡಿನಿಂದ ಬೆಸೆದುದು. ಮಲಬಾರಿನ ಅಂಗಡಿಪುರದಲ್ಲಿ ಕಂಡ ಇಂಥ ಕಲ್ಲಿಗೆ ಫ್ರಾನ್ಸಿಸ್ ಬುಕನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ನೆಲದೊಳಗೆ ಮೆತ್ತಗಿದ್ದು ಕಬ್ಬಿಣದ ಆಯುಧದಿಂದ ಸುಲಭವಾಗಿ ಕಡಿಯಬಹುದಾದ ಅದು, ಗಾಳಿಗೆ ತೆರೆದಿಟ್ಟರೆ ಇಟ್ಟಿಗೆಯಂತೆ ಗಡುಸಾಗುವುದನ್ನು ಅವನು ಗಮನಿಸಿದ್ದನು. ಕಡಿದ ದಿನದ ಬಂಧವೂ ಒಣಗಿದ ಮೇಲಿನ ಬಂಧವೂ ಒಂದೇ ಅಲ್ಲ. ಆರಂಭದಲ್ಲಿ ಒಂದು ಸ್ಥಿರವಾದ ಬಲವನ್ನು ಕೊಟ್ಟು, ಅದು ಕಡಿಯುವುದನ್ನು ಮಾತ್ರ ಎಣಿಸುವ ಮಾದರಿಯಲ್ಲಿ ಈ ಚರಿತ್ರೆಗೆ ಸ್ಥಾನವಿಲ್ಲ.

ಹಾಗೆಂದು ಮಾದರಿಯನ್ನೇ ತಳ್ಳಿಹಾಕುವುದು ವಿವೇಕವಲ್ಲ. 2004ರಲ್ಲಿಯೇ ಫ್ರಾನ್ಸಿನ ದೆಲೆನ್ ಮತ್ತು ಸಂಗಡಿಗರು ಅಲ್ಯೂಮಿನಿಯಮ್ ಸರಳುಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸಿ, ಎಳೆದು, ಜಾರಿಸಿ, ತಿರುಚಿ, ಒಂದೊಂದು ಬಂಧದ ಬಲವನ್ನು ನೇರವಾಗಿ ಅಳೆದರು. ಆ ಅಳತೆಗಳನ್ನೇ ಗಣನೆಗೆ ಆಧಾರವಾಗಿಸಿದರು. ಅನುಮಾನಕ್ಕೆ ಪ್ರತ್ಯಕ್ಷದ ಬೆಂಬಲ ದೊರೆಯುವ ಮಾರ್ಗವಿದು. ಸರಳು ಮಣ್ಣಲ್ಲವೆಂಬುದು ನಿಜವಾದರೂ ದಿಕ್ಕು ಸರಿಯಾದುದು. ಇದರೊಡನೆ, ಹೊಂದಿಸಲು ಬಳಸದ ಬೇರೊಂದು ಪರೀಕ್ಷೆಯ ಫಲವನ್ನು ಮಾದರಿಯು ಮುಂಗಾಣಬಲ್ಲುದೇ ಎಂದೂ ನೋಡಬೇಕು. ಕಡಿದ ಗುಡ್ಡದ ಕೆಳಗೆ ಜನ ವಾಸಿಸುವಾಗ, ಅಳೆದ ಬಲ ಯಾವುದು, ಹೊಂದಿಸಿದ ಬಲ ಯಾವುದು ಎಂಬುದನ್ನು ಬೇರೆಬೇರೆಯಾಗಿ ಹೇಳುವುದು ಸಂಶೋಧಕನ ಕನಿಷ್ಠ ಕರ್ತವ್ಯ.