ಪರೋಕ್ಷವಿನಯ: ಅಗಲಿದವರನ್ನು ನೆನೆಯುವ ಕಲೆ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿ ಗತಿಸಿದವರನ್ನು ಕುರಿತು ಪದ್ಯ ಬರೆಯುವ ರೂಢಿಯು ಈಚೆಗೆ ಬಲವಾಗಿದೆ. ವೈಕುಂಠ ಸಮಾರಾಧನೆಯ ಆಮಂತ್ರಣದಲ್ಲಿ ಒಂದು, ವರ್ಷಾಂತಿಕದ ದಿನ ಹಂಚುವ ಹಾಳೆಯಲ್ಲಿ ಇನ್ನೊಂದು, ಸಂಸ್ಮರಣ ಗ್ರಂಥವಾದರಂತೂ ಹತ್ತಾರು. ಇವನ್ನು ಬರೆದವರ ದುಃಖವನ್ನು ಶಂಕಿಸುವುದು ಯಾರಿಗೂ ಸಲ್ಲದು. ಆದರೆ ದುಃಖವು ನಿಜವಾದ ಮಾತ್ರಕ್ಕೆ ಪದ್ಯವೂ ಒಳ್ಳೆಯದಾಗುವುದೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಇವುಗಳಲ್ಲಿ ಬಹುಪಾಲು ಪದ್ಯಗಳಿಂದ ಹೋದವರ ಹೆಸರನ್ನು ತೆಗೆದು, ಅಷ್ಟೇ ಮಾತ್ರೆಗಳ ಬೇರೊಂದು ಹೆಸರನ್ನಿಟ್ಟರೆ ಅರ್ಥಕ್ಕಾಗಲಿ ಛಂದಸ್ಸಿಗಾಗಲಿ ಯಾವ ಬಾಧೆಯೂ ತಟ್ಟದು. ದೀಪವು ಆರಿತು, ಹೆಮ್ಮರವು ಉರುಳಿತು, ಮನೆಯು ಬರಿದಾಯಿತು, ನಾವು ಅನಾಥರಾದೆವು. ಇಷ್ಟರಲ್ಲಿ ಪದ್ಯವು ಮುಗಿಯುತ್ತದೆ. ಅಳುವವನು ಕಾಣುತ್ತಾನೆ, ಹೋದವನು ಕಾಣುವುದಿಲ್ಲ.

ಆಲಂಕಾರಿಕರು ಶೋಕವನ್ನೂ ಕರುಣವನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಶೋಕವು ಸ್ಥಾಯಿಭಾವ, ಅದು ಲೋಕದಲ್ಲಿ ಸರ್ವರಿಗೂ ಉಂಟು. ವಿಭಾವಾದಿಗಳಿಂದ ಪುಷ್ಟವಾದಾಗ ಮಾತ್ರ ಅದು ಕರುಣರಸವಾಗಿ ಸಹೃದಯನ ಆಸ್ವಾದಕ್ಕೆ ಒದಗುವುದು. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಪ್ರಸಂಗವನ್ನು ವಿವರಿಸುವಲ್ಲಿ ಅಭಿನವಗುಪ್ತನು, ಅದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಲಾಗದೆಂದು ಎಚ್ಚರಿಸಿದ್ದಾನೆ. ತನ್ನ ದುಃಖದಲ್ಲಿಯೇ ಮುಳುಗಿದವನಿಗೆ ಹಕ್ಕಿಯ ದುಃಖವು ಕಾಣುವುದೆಂತು?

ಈ ಮಾತಿಗೆ ಲಕ್ಷ್ಯವನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಸ್ಮಾರಕ ಶಾಸನಗಳಲ್ಲಿ, ವಿಶೇಷವಾಗಿ ಜೈನ ಶಾಸನಗಳಲ್ಲಿ, 'ಪರೋಕ್ಷವಿನಯ' ಎಂಬ ಒಂದು ಪದವು ಬರುತ್ತದೆ. ಕಣ್ಣಿಗೆ ಮರೆಯಾದವರಿಗೆ ಸಲ್ಲಿಸುವ ವಿನಯವೆಂದು ಅದರ ಅರ್ಥ. ಎದುರಿಗೆ ಇರುವವರಲ್ಲಿ ತೋರುವ ವಿನಯದೊಡನೆ ಪ್ರಯೋಜನದ ಆಸೆಯು ಬೆರೆಯಬಹುದು. ಮರೆಯಾದವರಾದರೋ ಮೆಚ್ಚುವುದೂ ಇಲ್ಲ, ಮುನಿಯುವುದೂ ಇಲ್ಲ. ಅವರಿಗೆ ಸಲ್ಲಿಸುವ ವಿನಯದಲ್ಲಿ ಸಲ್ಲಿಸುವವನು ತಾನು ಹಿಂದೆ ಸರಿದು ನಿಲ್ಲಬೇಕಾಗುತ್ತದೆ. ಅಗಲಿದವರನ್ನು ಕುರಿತ ಕಲೆಗೆ ಇದಕ್ಕಿಂತ ಉತ್ತಮವಾದ ಒರೆಗಲ್ಲನ್ನು ನಾನು ಕಾಣೆ.

ಮೊದಲು ವೀರಗಲ್ಲನ್ನು ಈ ಒರೆಗೆ ಹಚ್ಚೋಣ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವರು; ಮೇಲೆ ಅವನು ತನ್ನ ದೈವದ ಸನ್ನಿಧಿಯಲ್ಲಿರುವನು. ತುರುಗೊಳ್ಳುವವರನ್ನು ತಡೆದು ಮಡಿದವನಾದರೆ ಆ ದನಗಳೂ ಕಲ್ಲಿನಲ್ಲಿ ಉಂಟು. ಎದೆ ಬಡಿದುಕೊಳ್ಳುವ ತಾಯಿಯನ್ನು ಅಲ್ಲಿ ಸಾಮಾನ್ಯವಾಗಿ ಕೆತ್ತಿರುವುದಿಲ್ಲ. ಇವೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಇವೆಯಲ್ಲಾ, ನಮ್ಮ ಪದ್ಯಗಳಿಗೂ ಇವಕ್ಕೂ ಭೇದವೇನು ಎಂದು ಕೇಳಬಹುದು. ಆಕ್ಷೇಪವು ತಕ್ಕಮಟ್ಟಿಗೆ ಸರಿಯೇ. ಆದರೆ ಬರಹವುಳ್ಳ ಕಲ್ಲುಗಳು ಯಾವ ಊರು, ಯಾರ ಆಳಿಕೆ, ಇವನು ಯಾರು, ಯಾವುದಕ್ಕಾಗಿ ಸತ್ತನು ಎಂಬಷ್ಟನ್ನು ಹೇಳಿ ಸುಮ್ಮನಾಗುತ್ತವೆ. ಅಚ್ಚು ಸಾಮಾನ್ಯವಾದರೂ ಒಳಗಿರುವ ಮನುಷ್ಯನು ಒಬ್ಬನೇ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯ 8ನೆಯ ಸಂಪುಟದಲ್ಲಿ ನಮ್ಮ ಸೀಮೆಯ ಶಾಸನಗಳು ಅಚ್ಚಾಗಿವೆ. ಆಸಕ್ತರು ತಿರುವಿ ನೋಡಬಹುದು.

ವಿನಯವೆಂದರೆ ಹೊಗಳಿಕೆಯೆಂದು ಭ್ರಮಿಸುವವರು ಸಾಗರದ ಬಳಿಯ ಇಕ್ಕೇರಿಗೆ ಹೋಗಬೇಕು. ಅಲ್ಲಿ ಅಘೋರೇಶ್ವರ ದೇವಾಲಯದ ನೆಲದ ಮೇಲೆ, ದೇವರೆದುರು ಅಡ್ಡಬಿದ್ದಿರುವ ಮೂವರು ಕೆಳದಿಯ ಅರಸರ ರೂಪಗಳನ್ನು ಹೆಸರುಸಹಿತ ಕೊರೆದಿದೆ. ಅವರಲ್ಲಿ ಹುಚ್ಚ ಸೋಮಶೇಖರನೆಂಬುವನ ಕೈಕಾಲುಗಳಿಗೆ ಸಂಕೋಲೆಗಳಿವೆ. ಅರಸನ ಬುದ್ಧಿವಿಕಲತೆಯನ್ನು ಶಿಲ್ಪಿಯು ಮರೆಮಾಡಲಿಲ್ಲ. ಅದಕ್ಕಾಗಿ ಅವನನ್ನು ದೇವರ ಸನ್ನಿಧಿಯಿಂದ ಹೊರಗೂ ಇಡಲಿಲ್ಲ. ಸಂಕೋಲೆಯೊಡನೆಯೇ ಅವನೂ ನಮಸ್ಕರಿಸುತ್ತಿದ್ದಾನೆ. ನಮ್ಮ ಸಂಸ್ಮರಣ ಗ್ರಂಥಗಳಲ್ಲಿ ಸಕಲಗುಣಸಂಪನ್ನರಲ್ಲದವರು ಒಬ್ಬರಾದರೂ ಸತ್ತಿರುವರೇ? ದೋಷವಿಲ್ಲದ ಮನುಷ್ಯನನ್ನು ನೆನೆಯುವುದು ಕಷ್ಟ, ಏಕೆಂದರೆ ಅಂತಹವನು ಇರಲಿಲ್ಲ.

ಇನ್ನು ಮಾಸ್ತಿಕಲ್ಲು. ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು, ಬೆರಳುಗಳ ನಡುವೆ ನಿಂಬೆಯ ಹಣ್ಣು. ಕೆತ್ತನೆಯ ಮಿತವ್ಯಯವು ಬೆರಗುಗೊಳಿಸುವಂತಹದು. ಆದರೂ ಇದನ್ನು ಒರೆಗೆ ಹಚ್ಚಿದಾಗ ನನ್ನ ಮನಸ್ಸು ಹಿಂಜರಿಯುತ್ತದೆ. ಹಲವು ಕಲ್ಲುಗಳಲ್ಲಿ ತೋಳೊಂದೇ ಉಂಟು, ಮುಖವಿಲ್ಲ. ಗಂಡನ ಚಿತೆಯನ್ನೇರಿದವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಕೇಳಲಿಲ್ಲ. ಊರಿಗೆ ಬೇಕಾದುದನ್ನು ಅವಳ ತೋಳಿನಿಂದ ಹೇಳಿಸಿತು. ಸಹಗಮನವನ್ನು ವೈಭವೀಕರಿಸುವುದೂ ಅಪರಾಧವೆಂದು 1987ರ ಕಾಯಿದೆಯು ಸಾರಿದೆ. ಆ ಕಲ್ಲುಗಳನ್ನು ನಾವು ಕಾಪಾಡತಕ್ಕದ್ದು, ಅವುಗಳ ಶಿಲ್ಪವನ್ನು ಮೆಚ್ಚತಕ್ಕದ್ದು. ಅವು ಮಾಡಿದ ಹೊಗಳಿಕೆಯನ್ನು ಮಾತ್ರ ಒಪ್ಪತಕ್ಕದ್ದಲ್ಲ. ಸತ್ತವರನ್ನು ಗೌರವಿಸಲು ಬದುಕಿರುವವರನ್ನು ಸುಡಬೇಕೆಂಬ ಕಲೆಯಲ್ಲಿ ವಿನಯವೆಲ್ಲಿಯದು?

ಇದಕ್ಕೆ ಉತ್ತರವು ನಮ್ಮ ಸೀಮೆಯಲ್ಲಿಯೇ, ಹೊಸನಗರ ತಾಲ್ಲೂಕಿನ ಹುಂಚದಲ್ಲಿ, ಒಂಬತ್ತು ಶತಮಾನಗಳಿಗೂ ಹಿಂದೆ ದೊರೆತಿದೆ. ಸಾಂತರರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಚಟ್ಟಲದೇವಿಯು ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಕಾಲವು ಶಕವರ್ಷ 999, ಎಂದರೆ ಕ್ರಿ. ಶ. 1077. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ತಂಗಿ ವೀರಲದೇವಿ, ಸೋದರ ಇವರು ಅಗಲಿದ ತರುವಾಯ ಅವರ ನೆನಪಿಗಾಗಿ ಎತ್ತಿಸಿದ ಬಸದಿಯದು; ಉರ್ವೀತಿಲಕವೆಂದು ಅದಕ್ಕೆ ಹೆಸರು. ಇಷ್ಟು ಮಂದಿಯನ್ನು ಕಳೆದುಕೊಂಡವಳು ಯಾವ ಚಿತೆಯನ್ನೂ ಹುಡುಕಲಿಲ್ಲ. ತಾಯಿಯಿಲ್ಲದ ತಂಗಿಯ ನಾಲ್ವರು ಗಂಡುಮಕ್ಕಳನ್ನು ತನ್ನವರೆಂದು ಸಾಕಿದಳು, ಕಲ್ಲಿನ ಮೇಲೆ ಕಲ್ಲನ್ನು ಇಡಿಸಿದಳು. ಬಸದಿಯಲ್ಲಿ ಅವಳ ಕಣ್ಣೀರಿನ ಗುರುತಿಲ್ಲ. ಐದು ಗರ್ಭಗುಡಿಗಳು, ಎದುರಿಗೆ ಮಾನಸ್ತಂಭ, ಪೂಜೆಗೆ ಬರುವವರಿಗೆ ನೆರಳು. ಒಳಗೆ ಹೋದವನಿಗೆ ಇದೊಂದು ದುಃಖದಿಂದ ಹುಟ್ಟಿದ ಕಟ್ಟಡವೆಂಬುದು ಶಾಸನವನ್ನು ಓದಿದಲ್ಲದೆ ತಿಳಿಯದು.

ಕಾಳಿದಾಸನೂ ಇದನ್ನು ಬಲ್ಲನು. ರಘುವಂಶದ 8ನೆಯ ಸರ್ಗದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜನ ವಿಲಾಪವು ಲೋಕಪ್ರಸಿದ್ಧ. ನಮ್ಮವರು ವಿಲಾಪವನ್ನು ಕಂಠಪಾಠ ಮಾಡಿ, ಮುಂದಿನದನ್ನು ಮರೆಯುವರು. ಅಜನು ಆ ಬಳಿಕ, ಮಗನಾದ ದಶರಥನು ಇನ್ನೂ ಎಳೆಯನೆಂಬ ಕಾರಣದಿಂದ, ಎಂಟು ವರ್ಷ ಪ್ರಾಣ ಹಿಡಿದನು; ಪ್ರಿಯೆಯನ್ನು ಹೋಲುವ ಚಿತ್ರಗಳನ್ನು ನೋಡುತ್ತ, ಕನಸಿನಲ್ಲಿ ಅವಳನ್ನು ಕಾಣುತ್ತ ದಿನ ಕಳೆದನು. ವಿಲಾಪಕ್ಕಿಂತ ಆ ಎಂಟು ವರ್ಷಗಳೇ ನನ್ನ ಮಟ್ಟಿಗೆ ಹೆಚ್ಚು ಕರುಣವಾದುವು.

ನಮ್ಮ ಕಾಲಕ್ಕೆ ಸಮೀಪದ ನಿದರ್ಶನವು ತೀರ್ಥಹಳ್ಳಿ ತಾಲ್ಲೂಕಿನದು. ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೆ ಬಿ. ಎಂ. ಶ್ರೀ., ಟಿ. ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರ ಹೆಸರುಗಳನ್ನು 1936ರಲ್ಲಿ ಕೊರೆದುದು ಇಂದಿಗೂ ಇದೆ. ಅಂದು ಅದು ಗೆಳೆತನದ ಗುರುತು. ವೆಂಕಣ್ಣಯ್ಯನವರು 1939ರಲ್ಲಿಯೂ ಶ್ರೀಯವರು 1946ರಲ್ಲಿಯೂ ತೀರಿಕೊಂಡರು. 1994ರಲ್ಲಿ ಗತಿಸಿದ ಕುವೆಂಪು ಅವರ ಸಮಾಧಿಯು ಆ ಕವಿಶೈಲದಲ್ಲಿಯೇ ಇದೆ. ಒಂದಕ್ಷರವೂ ಬದಲಾಗದೆ ಗೆಳೆತನದ ಕಲ್ಲು ಸ್ಮಾರಕವಾಯಿತು. 1949ರಲ್ಲಿ ಬೆಳಕು ಕಂಡ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕವಿಯು ಅಗಲಿ ಹತ್ತು ವರ್ಷವಾಗಿದ್ದ ಆ ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಆ ಅರ್ಪಣೆಯನ್ನು ಓದಿರುವವರು ಬಲ್ಲರು: ಶಿಷ್ಯನು ತಾನು ಮುಗಿಸಿದ ಕೆಲಸವನ್ನು ತಂದು ಗುರುವಿನ ಮುಂದಿಡುತ್ತಾನೆ, ಗುರುವು ಕೇಳುತ್ತಿರುವನೆಂಬಂತೆ ಮಾತನಾಡುತ್ತಾನೆ. ಹೊಸಗನ್ನಡದಲ್ಲಿ ಪರೋಕ್ಷವಿನಯಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ನಾನು ಓದಿಲ್ಲ. ಚಟ್ಟಲದೇವಿಯು ಕಲ್ಲಿನಲ್ಲಿ ಮಾಡಿದುದನ್ನು ಇವರು ನುಡಿಯಲ್ಲಿ ಮಾಡಿದರು.

ಎಲ್ಲರೂ ಬಸದಿಯನ್ನು ಕಟ್ಟಿಸಲಾರರು, ಮಹಾಕಾವ್ಯವನ್ನು ಬರೆಯಲಾರರು, ನಿಜ. ಮನೆಯ ಹಿರಿಯರನ್ನು ಕುರಿತು ನಾಲ್ಕು ಸಾಲು ಬರೆಯುವವರಿಂದ ಯಾರೂ ಅದನ್ನು ಬೇಡುವುದೂ ಇಲ್ಲ. ಬೇಡಬಹುದಾದುದು ಇಷ್ಟೆ. ಅಜ್ಜನು ಗುಡ್ಡದ ನೀರನ್ನು ಯಾವ ದಾರಿಯಿಂದ ತೋಟಕ್ಕೆ ತಂದನೆಂಬುದನ್ನು ಬರೆಯಿರಿ. ಅಜ್ಜಿಯು ಯಾವ ಮರದ ಅಪ್ಪೆಮಿಡಿಯನ್ನು ಮಾತ್ರ ಉಪ್ಪಿನಲ್ಲಿ ಹಾಕುತ್ತಿದ್ದಳು, ಯಾರೊಡನೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದಳು ಎಂಬುದನ್ನೂ ಬರೆಯಿರಿ. ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಮಾರುಗಳ ಹೆಸರು ಬರುತ್ತದೆ; ನಾಲ್ಕನೆಯವರು ಹೆಸರಿಲ್ಲದವರಾಗುತ್ತಾರೆ. ಆ ಮರವೆಯನ್ನು ಒಂದೆರಡು ತಲೆಮಾರು ಮುಂದೂಡುವ ಶಕ್ತಿಯು ಬರಹಕ್ಕೆ ಉಂಟು. ಹೆಸರನ್ನು ಬದಲಿಸಿದರೆ ಕೆಟ್ಟುಹೋಗುವಂತಹ ಪದ್ಯವನ್ನು ಬರೆದವನು ತನ್ನ ಹಿರಿಯರ ಋಣವನ್ನು ಕಿಂಚಿತ್ತಾದರೂ ತೀರಿಸಿದನೆಂದು ತಿಳಿಯಬಹುದು.